ಆಟ ಒಂದು, ಮಣೆ ಹಲವು

ಮಕ್ಕಳಿಗೆ ರಜೆ ಬಂದಿತೆಂದರೆ ಮನೆ ತುಂಬ ಆಟ. ಆದರೆ ಈಚಿನ ವರ್ಷಗಳಲ್ಲಿ ಆಟದೊಡನೆ ಒಂದು ಹೊಸ ಬೇಸರವೂ ಮನೆಯೊಳಗೆ ಕಾಲಿರಿಸಿದೆ. ಗೆಳೆಯನ ಮನೆಯ ಕಂಪ್ಯೂಟರಿನಲ್ಲಿ ಸರಾಗವಾಗಿ ನಡೆಯುವ ಆಟ ನಮ್ಮ ಮನೆಯದರಲ್ಲಿ ನಡೆಯುವುದಿಲ್ಲ. ಯಂತ್ರ ಕೆಟ್ಟಿಲ್ಲ, ಹಣ ತೆತ್ತಾಗಿದೆ; ಆದರೂ ಆ ಆಟ ಈ ಬಗೆಯ ಯಂತ್ರಕ್ಕಲ್ಲ ಎಂಬ ಒಂದು ಸಾಲಷ್ಟೇ ಪರದೆಯ ಮೇಲೆ ಮೂಡುತ್ತದೆ.

ಉದ್ಯೋಗಕ್ಕಾಗಿಯೋ ಮಕ್ಕಳ ವಿದ್ಯಾಭ್ಯಾಸಕ್ಕಾಗಿಯೋ ಬಯಲುಸೀಮೆಯಿಂದ ಬಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ನೆಲೆಸಿದ ನಮ್ಮ ಸಮಾಜದ ಕುಟುಂಬಗಳಿಗೆ ಈ ತೊಡಕು ಇನ್ನಷ್ಟು ಹತ್ತಿರದ್ದು. ಹಾವೇರಿಯಲ್ಲೋ ದಾವಣಗೆರೆಯಲ್ಲೋ ಇರುವ ದೊಡ್ಡಪ್ಪನ ಮಕ್ಕಳೊಡನೆ ದೂರದಿಂದಲೇ ಆಡಬಹುದೆಂಬ ಆಸೆ ಮಕ್ಕಳಿಗಿರುತ್ತದೆ. ಅಲ್ಲಿಯ ಯಂತ್ರ ಒಂದು ಬಗೆಯದು, ಇಲ್ಲಿಯದು ಇನ್ನೊಂದು ಬಗೆಯದು ಎಂದಾಗ ಆ ಆಸೆ ಅಲ್ಲಿಗೇ ಮುಗಿಯುತ್ತದೆ. 'ಹೋಗಲಿ ಬಿಡು, ಬರಿಯ ಆಟ ತಾನೆ' ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಮಕ್ಕಳಿಗೆ ಅದು ಬರಿಯ ಆಟವಲ್ಲ. ಒಡನಾಡಿಗಳ ಗುಂಪಿನಿಂದ ಹೊರಗುಳಿಯುವ ನೋವು ಅದರಲ್ಲಿದೆ.

ನಮ್ಮ ಹಳೆಯ ಮಣೆ

ಆಟವನ್ನು ಹಗುರವಾಗಿ ಕಾಣದ ನಾಡು ಈ ತುಳುನಾಡು. ಸಿರಿಯ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳಕ್ಕಿಳಿದು ಪ್ರಾಣವನ್ನೇ ಕಳೆದುಕೊಳ್ಳುತ್ತಾರೆ. ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯ 1998ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಗಿ ಜಗತ್ತಿನ ವಿದ್ವಾಂಸರ ಗಮನ ಸೆಳೆಯಿತು.

ಆ ಚೆನ್ನೆಮಣೆಯ ಲೆಕ್ಕ ಸರಳವಾದದ್ದು. ಎರಡು ಸಾಲುಗಳಲ್ಲಿ ಏಳೇಳರಂತೆ 14 ಗುಳಿಗಳು. ಗುಳಿಗೆ ನಾಲ್ಕರಂತೆ 56 ಕಾಯಿಗಳು. ಬಯಲುಸೀಮೆಯ ನಮ್ಮ ಅಜ್ಜಿಯಂದಿರು ಆಡುತ್ತಿದ್ದ ಅಳಗುಳಿಮಣೆಯೂ ಇದರ ಬಳಗವೇ. ಹಲಸಿನ ಮರದ ಮಣೆಯಿದ್ದರೆ ಸರಿ. ಇಲ್ಲವಾದರೆ ಅಂಗಳದ ಮಣ್ಣಿನಲ್ಲಿ ಗುಳಿ ತೋಡಿದರೂ ಸರಿ. ಮಂಜೊಟ್ಟಿ ಇಲ್ಲದಿದ್ದರೆ ಹುಣಿಸೆಬೀಜ ಸಾಕು. ಆಟದ ನಿಯಮ ತಿಳಿದವರೆಲ್ಲರೂ ಆಡಬಹುದಿತ್ತು; ಮಣೆಯನ್ನು ಮಾಡಿದ ಬಡಗಿ ಯಾರೆಂದು ಆಟ ಕೇಳುತ್ತಿರಲಿಲ್ಲ.

ಇದೇ ಬಳಗದ 'ಮಂಕಾಲ' ಇಂದು ಫೋನಿನೊಳಗೂ ಬಂದಿದೆ. 2016ರಲ್ಲಿ ಬಂದ 'ಗೇಮ್‌ಪಿಜನ್' ಎಂಬ ಆಟಗಳ ಕಟ್ಟಿನಲ್ಲಿ ಅದೂ ಒಂದು. ಆದರೆ ಅದನ್ನು ಆಡಬೇಕಾದರೆ ಇಬ್ಬರ ಕೈಯಲ್ಲಿಯೂ ಆಪಲ್ ಕಂಪನಿಯ ಉಪಕರಣವೇ ಇರಬೇಕು. ಅಣ್ಣನಲ್ಲಿ ಐಫೋನ್, ತಂಗಿಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಆಟವಿಲ್ಲ. ಮಣ್ಣಿನ ಗುಳಿಗಳಲ್ಲಿ ಎಲ್ಲರದೂ ಆಗಿದ್ದ ಆಟ, ಗಾಜಿನ ಪರದೆಗೆ ಬಂದೊಡನೆ ಕೆಲವರದಾಯಿತು.

ತೊಡಕು ಎಲ್ಲಿದೆ?

ಯಂತ್ರಕ್ಕೂ ತಂತ್ರಾಂಶಕ್ಕೂ ನಡುವೆ 'ಕಾರ್ಯಾಚರಣ ವ್ಯವಸ್ಥೆ' ಎಂಬುದೊಂದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್ ಎಂಬವು ಇಂಥ ವ್ಯವಸ್ಥೆಗಳ ಹೆಸರುಗಳು. ಆಟದ ತಂತ್ರಾಂಶವು ಚಿತ್ರ ಬಿಡಿಸಲು, ಸದ್ದು ಮಾಡಲು, ಕೀಲಿ ಒತ್ತಿದ್ದನ್ನು ತಿಳಿಯಲು ಈ ವ್ಯವಸ್ಥೆಯನ್ನೇ ಕೇಳಬೇಕು. ಪ್ರತಿಯೊಂದು ವ್ಯವಸ್ಥೆಯೂ ತನ್ನದೇ ಮಾತಿನಲ್ಲಿ ಕೇಳಿದರಷ್ಟೇ ಓಗೊಡುತ್ತದೆ.

ಬಂಟ್ವಾಳದ ಮನೆಯಲ್ಲಿ 'ನುಪ್ಪು ಬಳಸ್‌ಲೆ' ಎಂದರೆ ಅನ್ನ ಎಲೆಗೆ ಬರುತ್ತದೆ. ಅದೇ ಮಾತನ್ನು ಹಾವೇರಿಯ ಮನೆಯಲ್ಲಿ ಆಡಿದರೆ, ಒಲೆಯ ಮೇಲೆ ಅನ್ನವಿದ್ದರೂ ಕೇಳಿದ್ದೇನೆಂದು ಯಾರಿಗೂ ತಿಳಿಯದು. ಆಟದ ಪಾಡೂ ಹೀಗೆಯೇ. ವಿಂಡೋಸಿಗಾಗಿ ಬರೆದ ಆಟಗಳು ಬಹುಮಟ್ಟಿಗೆ ಮೈಕ್ರೋಸಾಫ್ಟ್ 1995ರಲ್ಲಿ ತಂದ 'ಡೈರೆಕ್ಟ್‌ಎಕ್ಸ್'ನ ಮಾತಿನಲ್ಲಿ ಚಿತ್ರ ಕೇಳುತ್ತವೆ. ಮ್ಯಾಕ್ ಮತ್ತು ಲಿನಕ್ಸ್‌ಗಳು ಆ ಮಾತನ್ನು ಅರಿಯವು. ನಡುವೆ ನಿಂತು ದುಭಾಷಿಯ ಕೆಲಸ ಮಾಡುವ ತಂತ್ರಾಂಶಗಳೂ ಇವೆ. 1993ರಲ್ಲಿ ಆರಂಭವಾದ 'ವೈನ್', ಅದರ ತಳಹದಿಯ ಮೇಲೆ 2018ರಲ್ಲಿ ಬಂದ 'ಪ್ರೋಟಾನ್' ಇವುಗಳಿಂದ ವಿಂಡೋಸ್ ಆಟಗಳಲ್ಲಿ ಅನೇಕವು ಲಿನಕ್ಸ್‌ನಲ್ಲಿಯೂ ನಡೆಯುವಂತಾದವು. ಎಲ್ಲವೂ ನಡೆಯುವುದಿಲ್ಲ.

ತಯಾರಕರು ತಾವೇ ಎಲ್ಲ ಮಾತುಗಳಲ್ಲಿ ಬರೆಯಬಾರದೇಕೆ? ಪ್ರತಿ ವ್ಯವಸ್ಥೆಗೂ ಬೇರೆ ಕೆಲಸ, ಬೇರೆ ಪರೀಕ್ಷೆ, ಬೇರೆ ವೆಚ್ಚ. 'ಸ್ಟೀಮ್' ಎಂಬ ದೊಡ್ಡ ಆಟದ ಅಂಗಡಿಯ ಗಿರಾಕಿಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ವಿಂಡೋಸ್ ಬಳಸುವವರು. ಉಳಿದವರಿಗಾಗಿ ಶ್ರಮಿಸುವುದು ಲಾಭವಲ್ಲವೆಂದು ತಯಾರಕರು ಲೆಕ್ಕ ಹಾಕುತ್ತಾರೆ.

ಲೆಕ್ಕಾಚಾರಕ್ಕೂ ಮೀರಿದ ವ್ಯಾಪಾರದ ಬೇಲಿಗಳೂ ಉಂಟು. 'ಹೇಲೋ' ಎಂಬ ಪ್ರಸಿದ್ಧ ಆಟವನ್ನು 1999ರಲ್ಲಿ ಮೊದಲು ಪ್ರದರ್ಶಿಸಿದ್ದು ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅವರ ವೇದಿಕೆಯಲ್ಲಿ. ಮ್ಯಾಕ್ ಬಳಕೆದಾರರು ಹಿಗ್ಗಿದರು. ಮರುವರ್ಷ ಮೈಕ್ರೋಸಾಫ್ಟ್ ಆ ಆಟದ ತಯಾರಕರಾದ ಬಂಜೀ ಸಂಸ್ಥೆಯನ್ನೇ ಕೊಂಡಿತು. 2001ರಲ್ಲಿ ಆಟ ಬಂದುದು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಯಂತ್ರಕ್ಕೆ. ಮ್ಯಾಕ್‌ನವರು 2003ರ ತನಕ ಕಾಯಬೇಕಾಯಿತು. ಆಟ ಎಲ್ಲಿ ನಡೆಯಬಲ್ಲದು ಎಂಬುದಷ್ಟೇ ಅಲ್ಲ, ಎಲ್ಲಿ ನಡೆಯಲು ಬಿಡುತ್ತಾರೆ ಎಂಬುದೂ ಪ್ರಶ್ನೆಯೇ.

ಕಾಲವೂ ಬೇಲಿ ಹಾಕುತ್ತದೆ. 2019ರ ಮ್ಯಾಕ್ ಆವೃತ್ತಿ 'ಕ್ಯಾಟಲೀನಾ' ಬಂದಾಗ 32 ಬಿಟ್‌ನ ಹಳೆಯ ಆಟಗಳೆಲ್ಲ ಒಮ್ಮೆಗೇ ನಿಂತುಹೋದವು. 2020ರ ಕೊನೆಯಲ್ಲಿ 'ಫ್ಲ್ಯಾಶ್' ಮುಗಿದಾಗ ಅದನ್ನೇ ನೆಚ್ಚಿದ್ದ ಅಸಂಖ್ಯ ಪುಟ್ಟ ಆಟಗಳು ಮರೆಯಾದವು.

ಕನ್ನಡವೂ ಕಂಡ ಕಷ್ಟ

ಇದಕ್ಕೆ ಪರಿಹಾರವೇ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ನಮ್ಮ ಕನ್ನಡ ಅಕ್ಷರಗಳೇ ಈ ಕಷ್ಟವನ್ನು ಉಂಡು ಪಾರಾಗಿವೆ. 1990ರ ದಶಕದಲ್ಲಿ ಒಂದೊಂದು ಕನ್ನಡ ತಂತ್ರಾಂಶಕ್ಕೂ ಒಂದೊಂದು ಸಂಕೇತ ಪದ್ಧತಿ ಇತ್ತು. ಒಂದರಲ್ಲಿ ಬೆರಳಚ್ಚು ಮಾಡಿದ ಲೇಖನ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚಾಗಿ ಕಾಣುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಕರ್ನಾಟಕ ಸರಕಾರ ಒಪ್ಪಿಕೊಂಡಿತು. ಎಲ್ಲರೂ ಒಪ್ಪುವ ನಿಯಮವೊಂದು ನೆಲೆಗೊಂಡ ಬಳಿಕ ಇಂದು ಮೂಡುಬಿದಿರೆಯಲ್ಲಿ ಬರೆದ ಕನ್ನಡವನ್ನು ಯಾವ ಊರಿನ ಯಾವ ಯಂತ್ರದಲ್ಲಿಯೂ ಓದಬಹುದು.

ಆಟಗಳಲ್ಲಿಯೂ ಇಂಥ ದಾರಿಯನ್ನು ತೋರಿದವರಿದ್ದಾರೆ. 2000ದಲ್ಲಿ ಆರಂಭವಾದ 'ಜಿಕಾಂಪ್ರಿಸ್' ಎಂಬ ಮಕ್ಕಳ ಕಲಿಕೆಯ ಆಟಗಳ ಸಂಗ್ರಹವು ಲಿನಕ್ಸ್, ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್‌ಗಳಲ್ಲಿ ನಡೆಯುತ್ತದೆ. ಹಿಂದೆ ವಿಂಡೋಸಿನಲ್ಲಿ ಪೂರ್ಣ ಸಂಗ್ರಹಕ್ಕೆ ಹಣ ತೆರಬೇಕಿತ್ತು. 2020ರಿಂದ ಎಲ್ಲೆಡೆ ಉಚಿತ. ಚೆನ್ನೆಯ ಆಫ್ರಿಕಾದ ಸೋದರಿ 'ಒವಾರೆ'ಗೂ ಅದರಲ್ಲಿ ಸ್ಥಾನ ದೊರೆತಿದೆ. ಚದುರಂಗದ ಆಸಕ್ತಿಯುಳ್ಳವರಿಗೆ 'ಲಿಚೆಸ್' ಇದೆ. ಬ್ರೌಸರ್ ಇರುವ ಯಾವ ಯಂತ್ರದಲ್ಲಿಯೂ ಹಣವಿಲ್ಲದೆ, ಜಾಹೀರಾತಿಲ್ಲದೆ ಆಡಬಹುದು.

ಮನೆಯವರು ಮಾಡಬೇಕಾದುದು

ಆಟ ಕೊಳ್ಳುವ ಮೊದಲು ಅದು ಯಾವ ವ್ಯವಸ್ಥೆಗೆ, ಎಷ್ಟು ಸ್ಮರಣಶಕ್ತಿಯ ಯಂತ್ರಕ್ಕೆ ಎಂಬುದನ್ನು ಮಕ್ಕಳೊಡನೆ ಕುಳಿತು ಓದಿರಿ. ಅದೇ ಒಂದು ಒಳ್ಳೆಯ ಪಾಠವಾಗುತ್ತದೆ. ಸ್ಟೀಮ್‌ನಲ್ಲಿ ಕೊಂಡ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕೊಂಡ 14 ದಿನಗಳೊಳಗೆ ಹಣ ಮರಳಿ ಕೇಳಲು ಅವಕಾಶವಿದೆ. ನಡೆಯದ ಆಟವನ್ನು ನಡೆಸಲೆಂದು ಕಳ್ಳಪ್ರತಿಗಳನ್ನು ಇಳಿಸಿಕೊಳ್ಳಬೇಡಿರಿ. ವೈರಸ್‌ಗಳು ಮನೆಗೆ ಬರುವ ದಾರಿ ಅದೇ. ಒಂದು ಆಟಕ್ಕಾಗಿ ಹೊಸ ಯಂತ್ರವನ್ನೇ ಕೊಳ್ಳುವ ಮುನ್ನ ಆ ಆಟದ ಹುಚ್ಚು ಒಂದು ತಿಂಗಳಾದರೂ ಉಳಿಯುವುದೇ ಎಂದು ನೋಡಿರಿ.

ಮೂಡುಬಿದಿರೆ, ಉಜಿರೆಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ತರುಣ ತರುಣಿಯರಲ್ಲಿ ಒಂದು ಮಾತು. ಚೆನ್ನೆ, ಅಳಗುಳಿಮಣೆ, ಚೌಕಾಬಾರ ಬಲ್ಲ ಅಜ್ಜಿಯಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಂದ ನಿಯಮಗಳನ್ನು ಕೇಳಿ ಬರೆದುಕೊಂಡು, ಯಾವ ಯಂತ್ರದಲ್ಲಿಯೂ ನಡೆಯುವಂತೆ ಬ್ರೌಸರಿನಲ್ಲಿಯೇ ಆಡುವ ಆಟವಾಗಿ ರೂಪಿಸುವುದು ನಿಮ್ಮ ಓದಿಗೆ ನಿಲುಕದ ಕೆಲಸವಲ್ಲ. ಗಳಿಸಿದ್ದನ್ನು ಹಂಚಿ ಉಣ್ಣುವುದೇ ದಾಸೋಹವೆಂದು ಶರಣರು ತಿಳಿಸಿದರು. ಅನ್ನಕ್ಕೆ ಸಲ್ಲುವ ಆ ಮಾತು ಅರಿವಿಗೂ ಸಲ್ಲುತ್ತದೆ. ಹಾವೇರಿಯ ಅಣ್ಣನೂ ಬೆಳ್ತಂಗಡಿಯ ತಂಗಿಯೂ ತಮ್ಮ ತಮ್ಮ ಯಂತ್ರಗಳ ಮುಂದೆ ಕುಳಿತು ಒಂದೇ ಮಣೆಯಲ್ಲಿ ಕಾಯಿ ಹಂಚುವಂತಾದರೆ, ಅದು ನಿಮ್ಮ ಕಾಯಕದ ಸಾರ್ಥಕತೆಯೆಂದು ನಾವು ಭಾವಿಸುತ್ತೇವೆ.