ಕುರ್ಚಿಯಲ್ಲಿ ಕೂರುವ ಓಟಗಾರರಿಗೆ ಕೆಲವು ವ್ಯಾಯಾಮಗಳು



1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳೊಡನೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವವು 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳನ್ನು ಕಂಡಿತು. ಆಡುವ ಮಕ್ಕಳಲ್ಲಿ ಹಲವರು ವರ್ಷವಿಡೀ ಬೆಂಗಳೂರು, ಮೈಸೂರಿನ ಕಚೇರಿಗಳಲ್ಲಿ ಕುಳಿತು ಬಂದವರು. ಮೈದಾನಕ್ಕಿಳಿದು ನಾಲ್ಕು ಓಟ ಓಡುವಷ್ಟರಲ್ಲೇ ಮೀನಖಂಡವೋ ತೊಡೆಯ ಹಿಂಭಾಗವೋ ಹಿಡಿದುಕೊಂಡು ಕುಂಟುತ್ತಾ ಹೊರಬರುವವರನ್ನು ನಾವೆಲ್ಲ ಕಂಡಿದ್ದೇವೆ.

ಎಂಟು ತಾಸು ಕುಳಿತರೆ ಸೊಂಟದ ಮುಂಭಾಗ ಬಿಗಿಯುತ್ತದೆ, ಮೀನಖಂಡಕ್ಕೆ ಕೆಲಸವೇ ಇರುವುದಿಲ್ಲ. ಇಳಿಜಾರು ಹತ್ತಿಳಿದು ಕಾಫಿ ಕೊಯ್ಯುವವರಿಗೆ ಈ ಪಾಠ ಬೇಕಿಲ್ಲ; ಸಂಘದ ಲೆಕ್ಕ ಬರೆಯುವ ನಮ್ಮಂಥವರಿಗೇ ಬೇಕು.

ಕುರ್ಚಿಯ ಬೆನ್ನು ಹಿಡಿದು ನಿಂತು ಹಿಮ್ಮಡಿಗಳನ್ನು ನಿಧಾನವಾಗಿ ಎತ್ತಿ, ಇನ್ನೂ ನಿಧಾನವಾಗಿ ಇಳಿಸಬೇಕು. ಹದಿನೈದು ಸಲದಂತೆ ಮೂರು ಸುತ್ತು. ಸಲೀಸಾದ ಮೇಲೆ ಒಂಟಿ ಕಾಲಿನಲ್ಲಿ. ಇಳಿಸುವುದೇ ಮುಖ್ಯ. 1998ರಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು, ಹಿಮ್ಮಡಿಯ ಮೇಲಿನ ಸ್ನಾಯುಹುರಿ ನೊಂದು ಓಟ ಬಿಟ್ಟಿದ್ದ 15 ಕ್ರೀಡಾಪಟುಗಳಿಗೆ 12 ವಾರ ಹೀಗೆ ಹಿಮ್ಮಡಿ ಇಳಿಸುವ ವ್ಯಾಯಾಮ ಮಾಡಿಸಿ ಮತ್ತೆ ಓಡುವಂತೆ ಮಾಡಿದರು.

ಫೋನಿನಲ್ಲಿ ಮಾತಾಡುವಾಗ ಎದ್ದು ಒಂದು ಕಾಲು ಹಿಂದಿಟ್ಟು, ಆ ಬದಿಯ ಪೃಷ್ಠ ಬಿಗಿಹಿಡಿದು ಅರ್ಧ ನಿಮಿಷ ನಿಂತರೆ ಸೊಂಟ ಸಡಿಲವಾಗುತ್ತದೆ. ಕುಳಿತಲ್ಲೇ ಕಾಲನ್ನು ನೆಟ್ಟಗೆ ಚಾಚಿ ಹತ್ತು ಎಣಿಸಬಹುದು. ಹಠಾತ್ತನೆ ನೋವು, ಊತ ಬಂದರೆ ವ್ಯಾಯಾಮ ಬಿಟ್ಟು ವೈದ್ಯರನ್ನು ಕಾಣತಕ್ಕದ್ದು.

ಏಪ್ರಿಲ್ ಪಂದ್ಯಕ್ಕೆ ಮಾರ್ಚ್ ಕೊನೆಯಲ್ಲಿ ಎದ್ದರೆ ಸಾಲದು. ಜನವರಿಯಲ್ಲಿ, ರೋಬಸ್ಟಾ ಕೊಯ್ಲಿನ ಹೊತ್ತಿಗೇ, ಮಕ್ಕಳಿಗೆ ಫೋನು ಮಾಡಿ ಹೇಳಿರಿ.