ಬೀಸುಕಲ್ಲಿಗೆ ಬಂದ ಅರಿವು

ಬೀಸುಕಲ್ಲಿನ, ಕೈಯಲ್ಲಿ ಹಿಡಿದು ತಿರುಗಿಸುವ ಗೂಟ ಅರಬ್ಬಿಯ ಅಲಿಫ್ ಅಕ್ಷರದಂತೆ ನೆಟ್ಟಗಿರುತ್ತದೆ. ಅದು ದೇವರ ಗುರುತು. ಕಲ್ಲಿನ ನಡುವಿನ ಗೂಟ ಪ್ರವಾದಿಯ ಗುರುತು. ಹಿಟ್ಟು ಬೀಸುತ್ತಲೇ ಇದನ್ನು ನೆನೆಯಲು ಹೆಂಗಸರಿಗೆ ಕಲಿಸುವ ಹಾಡುಗಳು ಬಿಜಾಪುರದ ಸೂಫಿಗಳ ಬಳಗದಲ್ಲಿ ಹುಟ್ಟಿದವು. ಅವಕ್ಕೆ ‘ಚಕ್ಕೀನಾಮಾ’ ಎಂದು ಹೆಸರು.

ಈ ಹಾಡಿನ ಬೇರು ಕಲಬುರಗಿಯಲ್ಲಿದೆ. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟ ಖ್ವಾಜಾ ಬಂದೇನವಾಜ್ ಗೇಸುದರಾಜ್ ಕೊನೆಗೆ ಈ ಬಹಮನಿ ರಾಜಧಾನಿಯಲ್ಲಿ ನೆಲೆಸಿ, 1422ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಧರ್ಮಶಾಸ್ತ್ರವನ್ನು ಆಳವಾಗಿ ಬಲ್ಲ ವಿದ್ವಾಂಸರು. ಓದಿನಿಂದ ದಕ್ಕುವ ಇಲ್ಮ್‌ನ ಜೊತೆಗೆ, ಮನಸ್ಸನ್ನು ತೊಳೆದುಕೊಂಡು ದೇವರನ್ನು ಒಳಗಣ್ಣಿನಿಂದ ಕಾಣುವ ಮಾರಿಫತ್ ಕೂಡ ಬೇಕೆಂಬುದು ಸೂಫಿಗಳ ಮಾತು. ಅದಕ್ಕೆ ಗುರು ಬೇಕು, ದೇವನಾಮ ಸ್ಮರಣೆಯ ಜಿಕ್ರ್ ಬೇಕು. ಆದರೆ ದಾರಿ ಹೇಳುವ ಗ್ರಂಥಗಳಿದ್ದದ್ದು ಅರಬ್ಬಿ, ಪಾರಸಿಗಳಲ್ಲಿ.

ಬಂದೇನವಾಜರ ಶಿಷ್ಯಪರಂಪರೆಯ, ಬಿಜಾಪುರದ ಶಾಹ್ ಮೀರಾಂಜಿ ಜನರಾಡುವ ದಖನಿಯನ್ನು ಕೈಗೆತ್ತಿಕೊಂಡರು. ಅವರ ಕಾವ್ಯದಲ್ಲಿ ಖುಶ್ ಎಂಬ ಹುಡುಗಿ ಪ್ರಶ್ನೆ ಕೇಳುತ್ತಾಳೆ, ಗುರು ಉತ್ತರ ಕೊಡುತ್ತಾರೆ. ಮೀರಾಂಜಿಯವರ ಮಗ ಬುರ್ಹಾನುದ್ದೀನ್ ಜಾನಮ್ 1582ರಲ್ಲಿ ‘ಇರ್ಶಾದ್‌ನಾಮಾ’ ಬರೆದರು. ಜಾನಮ್ ಮತ್ತು ಅವರ ಮಗ ಅಮೀನುದ್ದೀನ್ ಆಲಾ ತಮ್ಮ ತತ್ತ್ವಕ್ಕೆ ಈ ನೆಲದ ಪಂಚಭೂತಗಳನ್ನೂ ಇಪ್ಪತ್ತೈದು ಗುಣಗಳನ್ನೂ ಸೇರಿಸಿಕೊಂಡರು. ಮಣ್ಣು, ನೀರು, ಬೆಂಕಿ, ಗಾಳಿ ಎಂಬ ನಾಲ್ಕರ ಲೆಕ್ಕಕ್ಕೆ ಆಕಾಶವೂ ಕೂಡಿತು. ತನ್ನ ದೇಹ ಯಾವುದರಿಂದ ಆಗಿದೆ ಎಂದು ತಿಳಿಯುವುದೇ ಸಾಧಕನ ಮೊದಲ ಪಾಠವಾಯಿತು.

ಅಮೀನುದ್ದೀನ್ ತೀರಿಕೊಂಡದ್ದು 1675ರಲ್ಲಿ. ಆ ಕಾಲದಿಂದ ಈಚೆಗೆ ಬೀಸುವ, ನೂಲುವ, ಮಗು ತೂಗುವ ಹಾಡುಗಳಲ್ಲಿ ಈ ಪಾಠ ಹರಿಯಿತು. ಇತಿಹಾಸಕಾರ ರಿಚರ್ಡ್ ಈಟನ್ 1978ರ ತಮ್ಮ ಪುಸ್ತಕದಲ್ಲಿ ತೋರಿಸಿದಂತೆ, ಇವನ್ನು ಹೊತ್ತು ಹರಡಿದವರು ಹಳ್ಳಿಯ ಹೆಂಗಸರು. ದರ್ಗಾಕ್ಕೆ ಬಂದುಹೋಗುತ್ತಿದ್ದ ಅವರಿಂದಲೇ ಮನೆಯ ಮಕ್ಕಳಿಗೂ ಸೂಫಿ ವಿಚಾರ ದಾಟಿತು.

ಕರಾವಳಿಯಲ್ಲೂ ಇಂಥದೇ ಬೆಳವಣಿಗೆಯಿದೆ. ‘ಇರ್ಶಾದ್‌ನಾಮಾ’ ಬಂದು 25 ವರ್ಷಕ್ಕೆ, 1607ರಲ್ಲಿ, ಕೋಯಿಕ್ಕೋಡಿನ ಖಾಜಿ ಮುಹಮ್ಮದ್ ಅರಬ್ಬಿ ಲಿಪಿಯ ಮಲಯಾಳದಲ್ಲಿ ‘ಮುಹ್ಯಿದ್ದೀನ್ ಮಾಲೆ’ ಕಟ್ಟಿದರು. ಬಾಗ್ದಾದಿನ ಸೂಫಿ ಅಬ್ದುಲ್ ಖಾದಿರ್ ಜೀಲಾನಿಯವರನ್ನು ಕೊಂಡಾಡುವ ಈ ಮಾಲೆ ಬ್ಯಾರಿ ಮನೆಗಳಿಗೂ ಬಂತು. ಸೂಫಿ ಜ್ಞಾನದ ಚರಿತ್ರೆ ಬರೆಯುವವರು ಮನೆಯೊಳಗಿನ ಈ ಹಾಡುಗಳನ್ನು ಪಾರಸಿ ಗ್ರಂಥಗಳ ಸಾಲಿನಲ್ಲೇ ಇಟ್ಟು ಓದಬೇಕು.