ಯಂತ್ರಗಳಿಗೂ ಒಂದು ವಲಸೆ

ಊರು ಬಿಟ್ಟು ಬಂದು ಪರಊರಿನಲ್ಲಿ ನೆಲೆಸಿದ ನಮಗೆ ಒಂದು ಅನುಭವ ಸರ್ವಸಾಮಾನ್ಯವಾದುದು. ಹುಟ್ಟೂರಿನ ಪಡಿತರ ಚೀಟಿಯಿಂದ ಹೆಸರನ್ನು ತೆಗೆಸಿ, ತೆಗೆಸಿದುದಕ್ಕೆ ದಾಖಲೆಯನ್ನು ತಂದು ತೋರಿಸಿದ ಹೊರತು ಹೊಸ ಊರಿನ ಚೀಟಿಯಲ್ಲಿ ಹೆಸರು ಏರುತ್ತಿರಲಿಲ್ಲ. ಇಲ್ಲಿ ವಾಸವಾಗಿದ್ದರೂ ಕಾಗದದ ಮೇಲೆ ನಾವು ಅಲ್ಲಿಯವರೇ! ಮನೆಯೊಳಗಿನ ಯಂತ್ರಗಳಿಗೂ ಇದೇ ಪಾಡು ಒದಗುತ್ತದೆಂದರೆ ವಾಚಕರು ನಕ್ಕಾರು. ಆದರೆ ಪುಣೆಯ ಕೋಥರೂಡದಲ್ಲಿರುವ ನಮ್ಮ ಮಿತ್ರರೊಬ್ಬರ ಮನೆಯಲ್ಲಿ ಇದನ್ನು ನಾವು ಕಣ್ಣಾರೆ ಕಂಡೆವು.

ಮಿತ್ರರು ಬಾಲ್ಯದಲ್ಲಿ ಮಾಣಿಯಾಗಿ ಪುಣೆಗೆ ಬಂದವರು. ಇಂದು ಒಂದು ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಕೂರುವವರು. ಅವರು ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ ದಾಟುತ್ತದೆ. ಮಡದಿ ತೀರಿಕೊಂಡು ಕೆಲವು ವರ್ಷಗಳಾದುವು. ಮಗನಿಗೆ ಹಿಂಜವಡಿಯ ಗಣಕ ಸಂಸ್ಥೆಯೊಂದರಲ್ಲಿ ಕೆಲಸ. ಅನೇಕ ದಿನ ರಾತ್ರಿಪಾಳಿ. ಮನೆಯಲ್ಲಿ ಉಳಿಯುವವರು ಎಂಬತ್ತು ದಾಟಿದ ವೃದ್ಧ ಮಾತೆಯೊಬ್ಬರೇ. ಅವರ ಕಣ್ಣೂ ಮಂದ.

ಅಜ್ಜಿಗೆ ಅನುಕೂಲವಾಗಲೆಂದು ಮೊಮ್ಮಗನು ಕೆಲವು ಏರ್ಪಾಡುಗಳನ್ನು ಮಾಡಿದ್ದನು. ಅವರು ರಾತ್ರಿ ಹಾಸಿಗೆಯಿಂದೆದ್ದು ನಡೆದರೆ ಓಣಿಯ ದೀಪವು ತಾನಾಗಿ ಹತ್ತುವುದು. ಮುಂಬಾಗಿಲು ತೆರೆದರೆ ತಂದೆಯ ಮೊಬೈಲಿಗೆ ಸೂಚನೆ ಹೋಗುವುದು. ಬೆಳಗಿನ ಐದಕ್ಕೆ ಗೀಸರು ಚಾಲೂ ಆಗುವುದು. ಇವೆಲ್ಲವನ್ನೂ ನಡೆಸುತ್ತಿದ್ದುದು ಗೋಡೆಯ ಬದಿಗಿದ್ದ ಅಂಗೈಯಗಲದ ಒಂದು ಪೆಟ್ಟಿಗೆ. ಇದಕ್ಕೆ ಹಬ್ ಎಂದು ಹೆಸರು. ಸಿರಿವಂತರ ಆಟಿಕೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ದುಡಿಯುವವರೆಲ್ಲ ಹೊರಗಿರುವ ಮನೆಯಲ್ಲಿ ಒಂದು ದೀಪವೂ ಒಬ್ಬ ಜೊತೆಗಾರನಿದ್ದಂತೆ.

ಒಂದು ರಾತ್ರಿ ಆ ದೀಪವು ಹತ್ತಲಿಲ್ಲ. ಮಿತ್ರರು ಮನೆಗೆ ಬಂದಾಗ ತಾಯಿಯು ಕತ್ತಲೆಯಲ್ಲಿ ಗೋಡೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ! “ದೀಪಕ್ಕೆ ನನ್ನ ಗುರುತು ಹತ್ತಲಿಲ್ಲ ಮಗಾ” ಎಂದಷ್ಟೇ ಅವರು ಹೇಳಿದರಂತೆ. ದೈವವಶಾತ್ ಬಿದ್ದಿರಲಿಲ್ಲ.

ಕಾರಣವು ಮರುದಿನ ತಿಳಿಯಿತು. ಪೆಟ್ಟಿಗೆಯು ಕೆಟ್ಟಿರಲಿಲ್ಲ. ಅದನ್ನು ತಯಾರಿಸಿದ ಕಂಪನಿಯು ತನ್ನ ಸೇವೆಯನ್ನು ನಿಲ್ಲಿಸಿತ್ತು. ‘ಯಾವಾಗ ಏನು ಮಾಡಬೇಕು’ ಎಂಬ ನಿಯಮಗಳೆಲ್ಲ ಮನೆಯೊಳಗಿನ ಪೆಟ್ಟಿಗೆಯಲ್ಲಿರದೆ, ದೂರದ ಯಾವುದೋ ಊರಿನಲ್ಲಿದ್ದ ಆ ಕಂಪನಿಯ ಗಣಕದಲ್ಲಿದ್ದುವು. ಮುನ್ಸೂಚನೆಯು ಮಗನ ಈಮೇಲಿಗೆ ಬಂದಿತ್ತು; ನೂರಾರು ಜಾಹೀರಾತುಗಳ ನಡುವೆ ಅದನ್ನು ಯಾರೂ ಓದಿರಲಿಲ್ಲ.

ಇಂತಹುದು ಲೋಕದಲ್ಲಿ ಹೊಸದೇನೂ ಅಲ್ಲ. 1975ರಲ್ಲಿ ಸ್ಕಾಟ್ಲೆಂಡಿನ ಪೈಕೋ ಎಂಬ ಕಂಪನಿಯು ಎಕ್ಸ್-10 ಎಂಬ ಪದ್ಧತಿಯನ್ನು ರೂಪಿಸಿದಾಗ, ಸಂಕೇತಗಳು ಮನೆಯ ವಿದ್ಯುತ್ ತಂತಿಗಳಲ್ಲಿಯೇ ಹರಿಯುತ್ತಿದ್ದುವು, ಹೊರಗಿನವರ ಹಂಗಿರಲಿಲ್ಲ. ಮುಂದೆ ಅಂತರ್ಜಾಲ ಬಂದಿತು, ಹಂಗೂ ಬಂದಿತು. ಅಮೆರಿಕದಲ್ಲಿ ಸುಮಾರು 300 ಡಾಲರಿಗೆ ಮಾರಾಟವಾಗಿದ್ದ ರಿವಾಲ್ವ್ ಎಂಬ ಹಬ್ಬಿನ ಕಂಪನಿಯನ್ನು ನೆಸ್ಟ್ ಸಂಸ್ಥೆಯು 2014ರಲ್ಲಿ ಕೊಂಡು, 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನು ಮುಚ್ಚಿತು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಗಣಕಗಳು ಮುನ್ಸೂಚನೆಯಿಲ್ಲದೆ ಸ್ತಬ್ಧವಾದುವು. ಹಣ ಕೊಟ್ಟು ಕೊಂಡ ವಸ್ತು ನಮ್ಮ ಗೋಡೆಯ ಮೇಲಿದ್ದರೂ ಅದರ ಬುದ್ಧಿ ಮಾತ್ರ ಪರರ ಕೈಯಲ್ಲಿದ್ದಿತು.

ಮುಂದಿನ ಭಾನುವಾರ ಹೊಸ ಪೆಟ್ಟಿಗೆಯು ಬಂದಿತು. ಹಳೆಯದನ್ನು ಕಿತ್ತು ಹೊಸದನ್ನು ಇಟ್ಟರೆ ಕೆಲಸ ಮುಗಿಯಿತೆಂದು ನಾವು ಭಾವಿಸಿದ್ದೆವು. ಆದರೆ ಬಾಗಿಲಿನ ಸಾಧನವು ಹೊಸ ಪೆಟ್ಟಿಗೆಗೆ ಸೇರಲು ಸುತರಾಂ ಒಪ್ಪಲಿಲ್ಲ. ಅದು ಝಡ್-ವೇವ್ ಎಂಬ ಪದ್ಧತಿಯದು. ಆ ಪದ್ಧತಿಯಲ್ಲಿ ಒಂದು ಜಾಲಕ್ಕೆ ಸೇರಿದ ಸಾಧನವು, ಅಲ್ಲಿಂದ ಹೆಸರು ತೆಗೆಸಿಕೊಂಡ ಹೊರತು ಇನ್ನೊಂದು ಜಾಲಕ್ಕೆ ಸೇರದು. ಇದೇ ನಮ್ಮ ಪಡಿತರ ಚೀಟಿಯ ಕಥೆ! ಆದರೆ ಒಂದು ಸೌಲಭ್ಯವುಂಟು: ಹಳೆಯ ಪೆಟ್ಟಿಗೆಯು ಸತ್ತಿದ್ದರೂ ಹೊಸ ಪೆಟ್ಟಿಗೆಯಿಂದಲೇ ಹೆಸರು ತೆಗೆಯುವ ಆಜ್ಞೆಯನ್ನು ಕೊಟ್ಟು, ಸಾಧನದ ಗುಂಡಿಯನ್ನೊತ್ತಿದರೆ ಬಿಡುಗಡೆಯಾಗುತ್ತದೆ. ದೀಪಗಳು ಝಿಗ್ಬೀ ಪದ್ಧತಿಯವು. ಅವನ್ನು ಒಂದೊಂದಾಗಿ ಮೊದಲಿನ ಸ್ಥಿತಿಗೆ ತಂದು ಸೇರಿಸಬೇಕಾಯಿತು. ವೈ-ಫೈಯಿಂದ ನಡೆಯುವ ಗೀಸರಿನ ಪ್ಲಗ್ಗು ಮಾತ್ರ ಹೆಚ್ಚು ಕಾಡಲಿಲ್ಲ.

ಸಾಧನಗಳೆಲ್ಲ ಸೇರಿದುವು, ದೀಪವು ಮಾತ್ರ ಮೊದಲಿನಂತೆ ನಡೆಯಲಿಲ್ಲ. ಏಕೆ? ನಿಯಮಗಳು ಕಳೆದುಹೋಗಿದ್ದುವು. ದೀಪವು ಎಷ್ಟು ಗಂಟೆಯಿಂದ ಎಚ್ಚರವಿರಬೇಕು, ಹತ್ತಿದ ಮೇಲೆ ಎಷ್ಟು ಹೊತ್ತು ಉರಿಯಬೇಕು ಎಂಬುದನ್ನು ಮಗನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅಡುಗೆ ಭಟ್ಟರು ಕೆಲಸ ಬಿಟ್ಟು ಹೋದರೆ ಸಾಂಬಾರಿನ ಅಳತೆಯೂ ಅವರೊಡನೆ ಹೋಗುವುದನ್ನು ಹೋಟೆಲಿನವರು ಬಲ್ಲರು. ಕೊನೆಗೆ ಅಜ್ಜಿಯನ್ನೇ ಕೇಳಬೇಕಾಯಿತು. ಮೊದಲಿನ ದೀಪವು ತಾವು ಬಚ್ಚಲಿನಿಂದ ಮರಳುವ ಮೊದಲೇ ಆರಿಹೋಗುತ್ತಿತ್ತೆಂದೂ, ಬೆಳಕು ಕಣ್ಣಿಗೆ ಹೊಡೆಯುತ್ತಿತ್ತೆಂದೂ ಅವರು ಅಂದೇ ಮೊದಲು ಹೇಳಿದರು. ಅಷ್ಟು ವರ್ಷ ಅವರನ್ನು ಯಾರೂ ಕೇಳಿರಲಿಲ್ಲ! ಈಗ ದೀಪವು ಮಂದವಾಗಿ ಹತ್ತಿ, ಹದಿನೈದು ನಿಮಿಷ ಉರಿಯುತ್ತದೆ.

ಇದರಿಂದ ನಾವು ಕಲಿತುದಿಷ್ಟೇ. ಸ್ಥಳಾಂತರವಾಗಬೇಕಾದುದು ಸಾಮಾನಲ್ಲ, ಮನೆಯವರ ರೂಢಿ. ಗುಮಾಸ್ತರು ಹಳೆಯ ಖಾತೆಯ ಶಿಲ್ಕನ್ನು ಹೊಸ ಪುಸ್ತಕಕ್ಕೆ ಎಳೆಯುವಾಗ ತೋರುವ ಎಚ್ಚರಿಕೆಯೇ ಇಲ್ಲಿಯೂ ಬೇಕು. ಯಾವ ಸಾಧನ, ಎಲ್ಲಿದೆ, ಯಾವ ಪದ್ಧತಿಯದು, ಅದರ ನಿಯಮವೇನು, ಗುಪ್ತಪದವೇನು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಬೇಕು. ಹಳೆಯ ಪೆಟ್ಟಿಗೆಯು ಇನ್ನೂ ನಡೆಯುತ್ತಿದ್ದರೆ ಎರಡನ್ನೂ ಕೆಲವು ದಿನ ಜೊತೆಗಿಟ್ಟು, ಬಾಲ್ಕನಿಯ ದೀಪದಂತಹ ಅನಾವಶ್ಯಕ ಸಾಧನವನ್ನು ಮೊದಲು ಸಾಗಿಸಿ, ಮುಖ್ಯವಾದುದನ್ನು ಕೊನೆಗೆ ಸಾಗಿಸುವುದು ಲೇಸು. ವೈ-ಫೈ ರೌಟರನ್ನು ಬದಲಿಸುವವರು ಹಳೆಯ ಹೆಸರನ್ನೂ ಗುಪ್ತಪದವನ್ನೂ ಹೊಸದಕ್ಕೆ ಕೊಟ್ಟರೆ ಬಹುಪಾಲು ಸಾಧನಗಳು ಬದಲಾವಣೆಯನ್ನೇ ಅರಿಯದೆ ಸೇರಿಕೊಳ್ಳುತ್ತವೆ. ಅಮೆರಿಕದಲ್ಲಿರುವ ಬಂಧುಗಳಿಂದ ಝಡ್-ವೇವ್ ಸಾಧನಗಳನ್ನು ತರಿಸಬಾರದು. ಅಲ್ಲಿಯವು 908 ಮೆಗಾಹರ್ಟ್ಸ್ ತರಂಗದಲ್ಲಿಯೂ ನಮ್ಮವು 865ರಲ್ಲಿಯೂ ನಡೆಯುವುದರಿಂದ ಒಂದಕ್ಕೊಂದು ಮಾತು ತಿಳಿಯದು.

ಹೊಸದನ್ನು ಕೊಳ್ಳುವ ಮುನ್ನ ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆ ಒಂದೇ: “ಅಂತರ್ಜಾಲ ನಿಂತರೂ, ಕಂಪನಿ ಮುಚ್ಚಿದರೂ ಇದು ನಡೆಯುವುದೇ?” 2022ರ ಅಕ್ಟೋಬರಿನಲ್ಲಿ ಹೊರಬಂದ ಮ್ಯಾಟರ್ ಎಂಬ ಪದ್ಧತಿಯು ಈ ದಿಸೆಯಲ್ಲಿ ಒಂದು ಹೆಜ್ಜೆ. ಅದರ ಸಾಧನಗಳು ಮನೆಯೊಳಗಿನ ಜಾಲದಲ್ಲಿಯೇ ಮಾತನಾಡಬಲ್ಲವು. ಒಂದೇ ಸಾಧನವು ಬೇರೆಬೇರೆ ಕಂಪನಿಗಳ ಪೆಟ್ಟಿಗೆಗಳಿಗೆ ಏಕಕಾಲದಲ್ಲಿ ಸೇರಿರಬಹುದು. 2019ರಲ್ಲಿ ಆರಂಭವಾಗಿ 2022ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿದ ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಯು ಊರಿನ ಚೀಟಿಗೇ ಪರಊರಿನಲ್ಲಿ ಧಾನ್ಯ ಕೊಡಿಸುವಂತೆಯೇ ಇದು. ಹಾಗೆಂದು ಹಳೆಯವನ್ನೆಲ್ಲ ಬಿಸಾಡಬೇಕಾಗಿಲ್ಲ. ಕೆಲವು ಝಿಗ್ಬೀ ಪೆಟ್ಟಿಗೆಗಳು ತಮ್ಮ ಹಳೆಯ ದೀಪಗಳನ್ನು ಹೊಸ ಪದ್ಧತಿಗೆ ಪರಿಚಯಿಸಿಕೊಡುತ್ತವೆ.

ಕತ್ತಲೆಯ ಆ ಘಟನೆಯ ಮರುದಿನವೇ ನಮ್ಮ ಮಿತ್ರರು ಯಾವ ಪೆಟ್ಟಿಗೆಯ ಹಂಗೂ ಇಲ್ಲದ ಒಂದು ಪುಟ್ಟ ರಾತ್ರಿದೀಪವನ್ನು ತಂದು ಓಣಿಯ ಸಾಕೆಟ್ಟಿಗೆ ಸಿಕ್ಕಿಸಿದ್ದರು. ಹೊಸ ವ್ಯವಸ್ಥೆಯು ಸರಿಯಾಗಿ ನಡೆಯುತ್ತಿರುವುದರಿಂದ ಇನ್ನು ಅದನ್ನು ತೆಗೆಯಬಹುದೆಂದು ಮಗನು ಹೇಳಿದನು. “ಅದು ಅಲ್ಲಿಯೇ ಇರಲಿ” ಎಂದರು ಮಿತ್ರರು. ನಮ್ಮ ಅಭಿಪ್ರಾಯವೂ ಅದೇ.